ತಿದ್ದದೆ ಬಿಟ್ಟ ಸಾಲು

ಅಕ್ಷಯ್,

ಜಾಲತಾಣದ ಬರಹಗಳನ್ನು ಪುಸ್ತಕ ಮಾಡುವ ನನ್ನ ಪುಟ್ಟ ಪ್ರಕಾಶನದಿಂದ ಈಗ ನಿನ್ನ ಬ್ಲಾಗು ಬರುತ್ತಿದೆ. ನೀನು ತೀರಿಕೊಂಡ ಮೇಲೆ ಕುವೈತಿನ ಗೆಳೆಯರೆಲ್ಲ ಕೇಳಿದರು. ಆಗುವುದಿಲ್ಲ ಎನ್ನಲು ಹೇಳಬಹುದಾದ ಕಾರಣ ನನ್ನಲ್ಲಿರಲಿಲ್ಲ.

ಇವತ್ತು ಒಪ್ಪಿಗೆ ಕೊಡಲು ನಿನ್ನ ಹೆಂಡತಿ ಅಪೇಕ್ಷಾ ಮನೆಗೆ ಬಂದಿದ್ದರು. ಕರಡನ್ನು ನಿಧಾನವಾಗಿ ತಿರುವಿ ಹಾಕಿ, "ಡೆಲ್ಮಾ ಅವರೇ, ಒಂದು ಬರಹ ಕಮ್ಮಿ ಉಂಟಲ್ಲ? ಆ ಕಡಲ ಬದಿಯ ಚಹಾದ್ದು," ಎಂದರು.

"ಅದು ಸ್ವಲ್ಪ ಪರ್ಸನಲ್ ಅನ್ನಿಸ್ತು. ಹಾಗೆ ಬಿಟ್ಟೆ."

"ಅದರಲ್ಲಿ ಬರುವ ಹುಡುಗಿ ನೀವೇ ಅಲ್ವಾ?"

ನಾನು ಎದ್ದು ಹೋಗಿ ನೀರು ತಂದೆ. ಅವರು ಕುಡಿದು ಲೋಟ ಕೆಳಗಿಟ್ಟರು.

"ಇವರಿಗೆ ಅಷ್ಟೆಲ್ಲ ನಗಾಡ್ಲಿಕ್ಕೆ ಬರ್ತಿತ್ತು ಅಂತ ನನಗೆ ಗೊತ್ತಾದದ್ದೇ ಅದನ್ನು ಓದಿ. ಮಕ್ಕಳಿಗೂ ಗೊತ್ತಾಗ್ಲಿ. ತೆಗಿಬೇಡಿ."

ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದು ಆ ಬರಹ ಸೇರಿಸಿದೆ, ಫೈಲನ್ನು ಶುವೈಖ್‌ನ ಪ್ರೆಸ್ಸಿಗೆ ಕಳಿಸಿದೆ. ಚಹಾ ಕುಡಿದ ಆ ಸಂಜೆ ನಾನು ತಿರುಗಿಯೂ ನೋಡದೆ ಹೊರಟುಹೋದೆ ಎಂದು ಅದರ ಕೊನೆಯಲ್ಲಿ ಬರೆದಿದ್ದೀಯ. ನಾನು ಹೋಗಿರಲಿಲ್ಲ. ನೀನು ಬಂದು ಕರೆಯುತ್ತೀಯೇನೋ ಎಂದು ಕತ್ತಲಾಗುವವರೆಗೂ ಕಾರಿನಲ್ಲೇ ಕೂತಿದ್ದೆ.

ಬರೆದವರ ತಪ್ಪು ತಿದ್ದುವುದೇ ನನ್ನ ಕೆಲಸ. ಆ ಸಾಲನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ.

ಡೆಲ್ಮಾ