ಅವನ ಅಜ್ಜಿಯ ನಕ್ಷತ್ರದ ಹಡಗು

ಶುವೈಖ್, ಕುವೈತ್

ಅಕ್ಕಾ,
ಕೆಮ್ಮು ಇಳಿದಿದೆ, ಚಿಂತೆ ಬೇಡ. ಗ್ಯಾರೇಜಿನಲ್ಲಿ ಘಾನಾ ದೇಶದ ಕೋಜೋ ಇದ್ದಾನೆ. ನಮ್ಮ ಸಿದ್ದಿಗಳದೇ ಕೂದಲು, ನಮ್ಮದೇ ಬಣ್ಣ. ಬಿಡುವಿನಲ್ಲಿ ಬಾನೆಟ್ ಬಡಿಯುತ್ತ ರ‍್ಯಾಪ್ ಹಾಡುತ್ತಾನೆ. ಆ ಹಾಡಿನಲ್ಲಿ ಅವನ ಹಿರಿಯರನ್ನು ಯಾರೂ ಸರಪಳಿ ಹಾಕಿ ಗುಲಾಮರಾಗಿ ಒಯ್ಯುವುದಿಲ್ಲ. ತೀರಿಕೊಂಡ ಅಜ್ಜಿ ನಕ್ಷತ್ರಗಳ ನಡುವೆ ಹಡಗು ನಡೆಸುತ್ತಾಳೆ. ಕೇಳಿ ನನಗೆ ಹೊಟ್ಟೆ ಉರಿಯಿತು. ನಮ್ಮ ಅವ್ವ ಹೋಗಿ ಇನ್ನೂ ವರ್ಷವಾಗಿಲ್ಲ, ಅವಳಿಗೆ ಒಂದು ಹಾಡೂ ಇಲ್ಲ. ಅವನಿಗೂ ಹಾಗೇ ಹೇಳಿದೆ.

"ಭಾಯಿ, ನಿನ್ನ ಅವ್ವನನ್ನೂ ಹಡಗು ಹತ್ತಿಸೋಣ. ಅವಳು ಏನು ಬಾರಿಸ್ತಿದ್ದಳು?" ಎಂದ.

"ಡಮಾಮಿ. ನಮ್ಮ ಸಿದ್ದಿಗಳ ಚರ್ಮದ ಡೋಲು."

"ಚಲೋ, ಬಾರಿಸು!"

ಬಾನೆಟ್ ಮೇಲೆ ಕೈಯಿಟ್ಟೆ. ಅವ್ವ ಡಮಾಮಿಗೆ ಹಾಕುತ್ತಿದ್ದ ಪೆಟ್ಟು ನೆನಪಾಗಲಿಲ್ಲ. ಅವನು ಅಜ್ಜಿಯೊಬ್ಬಳನ್ನೇ ಹಾಡಿ ಮುಗಿಸಿದ.

ನಿನಗದು ಬರುತ್ತದಲ್ಲ, ಬಾರಿಸಿ ಫೋನಿಗೆ ಕಳಿಸು. ಆ ಹಡಗಿನಲ್ಲಿ ಅವ್ವ ಅವನ ಅಜ್ಜಿಗಿಂತ ಮುಂದೆ ಕೂರಬೇಕು.

ನಿನ್ನ ತಮ್ಮ
ಸುಬ್ಬಾ