ಮುಂದೆ ಪೊಲೀಸರಿದ್ದಾರೆ, ನಿಧಾನ

ಪ್ರೀತಿಯ ಅಕ್ಕ,

ಕ್ಯಾಂಡಿಯ ತಂಪು ಬಿಟ್ಟು ಈ ಉಪ್ಪಿನ ಗದ್ದೆಗಳ ಊರಿಗೆ ವರ್ಗವಾಗಿ ಬಂದವಳಿಗೆ ಬಿಸಿಲಿನಿಂದ ಮೂಗಿನ ಸಿಪ್ಪೆ ಸುಲಿದಿದೆ, ಉಳಿದಂತೆ ಕ್ಷೇಮ.

ಮೊನ್ನೆ ದಾದಿಯ ಕೆಲಸದ ಮೇಲೆ ಬಾಣಂತಿಯೊಬ್ಬಳನ್ನು ನೋಡಲು ಸ್ಕೂಟರಿನಲ್ಲಿ ಹೊರಟಿದ್ದೆ. ಪೊದೆಯ ಹಿಂದಿನಿಂದ ಪೊಲೀಸ್ ಸಾರ್ಜೆಂಟ್ ಜಯಲತ್ ಹಾರಿ ಬಂದು, "ಮಿಸ್ಸೀ, ಇಲ್ಲಿ ನಲವತ್ತರ ಮೇಲೆ ಓಡ್ಸಂಗಿಲ್ಲ" ಎಂದು ದಂಡದ ಚೀಟಿ ಹರಿದುಕೊಟ್ಟ. ವೇಗಮಿತಿಯ ಫಲಕ ಅದೇ ಪೊದೆಯೊಳಗೆ ಮುಚ್ಚಿಹೋಗಿತ್ತು! ಅಷ್ಟರಲ್ಲಿ ಮಂತ್ರಿಯೊಬ್ಬರ ಕಾರು ಬಿರುಗಾಳಿಯಂತೆ ಹೋಯಿತು. ಅದಕ್ಕೆ ಸಲಾಮು ಹೊಡೆದ.

ನನಗೆ ಮೈ ಉರಿಯಿತು. ಮರುದಿನ ಹುಣ್ಣಿಮೆಯ ರಜೆ. "ಮುಂದೆ ಪೊಲೀಸರಿದ್ದಾರೆ, ನಿಧಾನ" ಎಂದು ರಟ್ಟಿನ ಮೇಲೆ ಬರೆದು ಆ ಪೊದೆಗಿಂತ ಮೊದಲಿನ ತಿರುವಿನಲ್ಲಿ ನಿಂತೆ. ಬಸ್ಸುಗಳೂ ಎಮ್ಮೆಯ ಹಾಗೆ ನಡೆದವು. ಮಧ್ಯಾಹ್ನದವರೆಗೆ ಅವನಿಗೆ ಒಬ್ಬರೂ ಸಿಗಲಿಲ್ಲ. ಕೊನೆಗೆ ನಾನಿದ್ದಲ್ಲಿಗೇ ಬಂದು ಗುಡುಗಿದ:

"ನನ್ನ ಕೆಲಸಕ್ಕೆ ಕಲ್ಲು ಹಾಕ್ತೀರಾ? ಒಳಗೆ ಹಾಕ್ಬಿಡ್ತೀನಿ!"

"ಹಾಕಿ ಅಣ್ಣ. ಜನ ನಿಧಾನ ಹೋಗ್ಬೇಕಾ, ದಂಡ ಕಟ್ಬೇಕಾ? ನಿಮಗೆ ಬೇಕಾದ್ದೇನು ಅಂತ ಕೋರ್ಟಲ್ಲೇ ಹೇಳಿ."

ಪಕ್ಕದಲ್ಲಿ ನಿಧಾನಿಸಿದ್ದ ಬಸ್ಸಿನವರೆಲ್ಲ ಗೊಳ್ಳೆಂದು ನಕ್ಕರು. ಅವನು ರಸ್ತೆ ಬದಿಯ ಎಳನೀರಿನವಳ ಕತ್ತಿ ಇಸಿದುಕೊಂಡು ತಾನೇ ಪೊದೆ ಕಡಿದ. ಚೀಟಿ ಮಾತ್ರ ವಾಪಸು ಪಡೆಯಲಿಲ್ಲ.

ನಾನೂ ದಂಡ ಕಟ್ಟುವುದಿಲ್ಲ. ಶುಕ್ರವಾರ ಬಿಳಿ ಸಮವಸ್ತ್ರದ ಸೀರೆಯುಟ್ಟು ಕೋರ್ಟಿಗೆ ಹೋಗುತ್ತೇನೆ. ಅಮ್ಮನಿಗೆ ಹೇಳು: ತಪ್ಪು ಮಾಡಿ ಅಲ್ಲ, ನ್ಯಾಯ ಕೇಳುವುದಕ್ಕೆ.

ಅವಸರದಲ್ಲಿ,
ಇನೋಕಾ