ನಿಮ್ಮಪ್ಪ ‘ಸಾಕು’ ಅಂದರೆ

ರಂಜಿನಿ,

ತಾಂಡ್ಯದ ಫ್ಯಾಕ್ಟರಿಯಿಂದ ರಾತ್ರಿ ಶಿಫ್ಟ್ ಮುಗಿಸಿ ಬಂದು ಮಲಗಿದ್ದೀಯ, ಎಬ್ಬಿಸೋಕೆ ಮನಸ್ಸಾಗಲಿಲ್ಲ. ಸ್ಕೂಲಿನ ಬಿಸಿಯೂಟದ ಅಡುಗೆಗೆ ಇವತ್ತು ನಾನೊಬ್ಬಳೇ, ಹೋಗಲೇಬೇಕು.

ಎಂಟಕ್ಕೆ ಎದ್ದು ನಿಮ್ಮಪ್ಪನಿಗೆ ಗಂಜಿ ಕುಡಿಸು. ಸೋಸಿ ಇಟ್ಟಿದ್ದೀನಿ. ದಿಂಬಿಗೆ ಒರಗಿಸಿ ಕೂರಿಸಿ, ಅರ್ಧರ್ಧ ಚಮಚ ಹಾಕು. ನುಂಗಿದ್ದು ಗಂಟಲಲ್ಲಿ ಕಾಣೋವರೆಗೆ ಇನ್ನೊಂದು ಚಮಚ ಬೇಡ. ಕೆಮ್ಮಿದರೆ ನಿಲ್ಲಿಸು. ನಿನ್ನೆ ಥರ ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡು ಕುಡಿಸಬೇಡ.

ಗಂಜಿ ನೇರವಾಗಿ ಹೋಗೋ ಹಾಗೆ ಹೊಟ್ಟೆಗೆ ಟ್ಯೂಬ್ ಹಾಕಿಸೋದಾ ಬೇಡವಾ ಅಂತ ನಾಳೆ ನಂಜನಗೂಡಿಗೆ ಹೋಗಿ ಡಾಕ್ಟರಿಗೆ ಹೇಳಬೇಕು. ಮೊನ್ನೆ ಡಾಕ್ಟರು ಕೇಳಿದಾಗ ನಿಮ್ಮಪ್ಪ ‘ಸಾಕು’ ಅಂದರು. ಟ್ಯೂಬ್ ಬೇಡವಂತೆ ಅಂತ ಡಾಕ್ಟರು ಬರೆದುಕೊಂಡರು, ನೀನು ಅಳೋಕೆ ಶುರುಮಾಡಿದೆ. ನಾನು ಮಾತ್ರ ‘ಏನ್ರೀ’ ಅಂದೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಒಂದು ದಿನವೂ ನನ್ನನ್ನ ಸಾಕಮ್ಮ ಅಂತ ಪೂರ್ತಿ ಕರೆದವರಲ್ಲ. ಸಾಕು ಅಂತಲೇ ಕರೆಯೋದು. ಈಗ ತಲೆ ಆಡಿಸೋಕೂ ಆಗಲ್ಲ, ಬಾಯಲ್ಲಿ ತಿಳಿಯೋ ಹಾಗೆ ಬರೋದು ಅದೊಂದೇ ಮಾತು.

ನಾನು ಎದುರಿಗಿದ್ದರೆ ಬೇಡ ಅಂದರೋ ನನ್ನನ್ನ ಕರೆದರೋ ಗೊತ್ತಾಗಲ್ಲ. ಅದಕ್ಕೇ ಗಂಜಿ ಆದಮೇಲೆ ನೀನೇ ಕೇಳು, ‘ಟ್ಯೂಬ್ ಹಾಕ್ಸದಾ ಅಪ್ಪಾಜಿ’ ಅಂತ. ಅಳಬೇಡ. ನಿನ್ನ ಮುಖ ನೋಡಿಕೊಂಡು ಸಾಕು ಅಂದರೆ ಅದು ಉತ್ತರ, ನಾನು ಒಪ್ಪಿಕೊಳ್ತೀನಿ. ಬಾಗಿಲ ಕಡೆ ನೋಡಿಕೊಂಡು ಅಂದರೆ ಫೋನ್ ಮಾಡು. ಸಾರು ಒಲೆ ಮೇಲಿದ್ದರೂ ಬಂದುಬಿಡ್ತೀನಿ.

ಅಮ್ಮ